ಎರಡು ಎಲೆಕ್ಟ್ರಾನುಗಳ ಲೋಹ: ಸತುವಿನ ಗುಣ ಮತ್ತು ಬಳಕೆ

ಜಗತ್ತಿನಲ್ಲಿ ಹೆಚ್ಚು ಬಳಕೆಯಾಗುವ ಲೋಹಗಳ ಸಾಲಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಮತ್ತು ತಾಮ್ರದ ನಂತರದ ಸ್ಥಾನ ಸತುವಿನದು. ಆದರೂ ಸತುವಿನ ಪಾತ್ರೆ, ಸತುವಿನ ಒಡವೆ, ಸತುವಿನ ಉಪಕರಣ ಎಂದು ಹೆಸರಿಟ್ಟು ತೋರಿಸಬಹುದಾದ ವಸ್ತುಗಳು ಮನೆಗಳಲ್ಲಿ ಸಿಗುವುದು ಅಪರೂಪ. ದೇವರ ಮುಂದಿನ ಹಿತ್ತಾಳೆ ದೀಪದಲ್ಲಿ ಅದು ತಾಮ್ರದೊಡನೆ ಬೆರೆತಿದೆ, ನೀರಿನ ಜಿಐ ಪೈಪಿನ ಮೇಲೂ ಬೇಲಿಯ ಮುಳ್ಳುತಂತಿಯ ಮೇಲೂ ತೆಳುವಾದ ಲೇಪವಾಗಿದೆ, ಟಾರ್ಚಿನ ಸೆಲ್ಲಿಗೆ ಹೊರಕವಚವಾಗಿದೆ, ಬಸ್ಸಿನ ಟೈರಿನಲ್ಲಿ ಬಿಳಿಯ ಪುಡಿಯ ರೂಪದಲ್ಲಿ ಸೇರಿಕೊಂಡಿದೆ, ಭತ್ತದ ಗದ್ದೆಗೆ ಎರಚುವ ಹರಳಿನಲ್ಲಿಯೂ ಮಕ್ಕಳಿಗೆ ಭೇದಿಯಾದಾಗ ಕೊಡುವ ಮಾತ್ರೆಯಲ್ಲಿಯೂ ಇದೆ. ಶಾಲೆಯ ಪಠ್ಯಗಳು ಇವನ್ನೆಲ್ಲ ಒಂದರ ಕೆಳಗೊಂದು ಪಟ್ಟಿ ಮಾಡಿ ಬಾಯಿಪಾಠಕ್ಕೆ ಬಿಟ್ಟುಬಿಡುವುದರಿಂದ, ಒಂದು ಉಪಯೋಗಕ್ಕೂ ಇನ್ನೊಂದಕ್ಕೂ ಇರುವ ನಂಟು ವಿದ್ಯಾರ್ಥಿಗಳಿಗೆ ತಿಳಿಯದೆ ಹೋಗುತ್ತದೆ. ಸತುವಿನ ಬಹುತೇಕ ಬಳಕೆಗಳು, ಅಷ್ಟೇ ಅಲ್ಲ, ಮನುಷ್ಯನ ಕೈಗೆ ಅದು ತಡವಾಗಿ ಬಂದ ಚರಿತ್ರೆಯೂ ಸಹ, ಅದರ ಎರಡು ಸ್ವಭಾವಗಳಿಂದ ಹುಟ್ಟಿದವು ಎಂಬುದು ಈ ಉಪನ್ಯಾಸದ ಪ್ರತಿಪಾದನೆ. ಬೇಗ ಆವಿಯಾಗುವುದು ಮೊದಲನೆಯ ಸ್ವಭಾವ. ಹೊರಕವಚದ ಎರಡು ಎಲೆಕ್ಟ್ರಾನುಗಳನ್ನು ಸುಲಭವಾಗಿ ಬಿಟ್ಟುಕೊಟ್ಟು, ಆಮೇಲೆ ಮೂರನೆಯದನ್ನು ಕೊಡಲು ಒಪ್ಪದೆ ಅಲ್ಲಿಗೇ ನಿಲ್ಲುವುದು ಎರಡನೆಯದು.

ಸತುವಿನ ಪರಮಾಣು ಸಂಖ್ಯೆ 30, ಪರಮಾಣು ತೂಕ 65.38. ಅದು ನಸುನೀಲಿ ಛಾಯೆಯ ಬಿಳಿಯ ಲೋಹ; ನೀರಿಗಿಂತ ಏಳು ಪಟ್ಟು ಭಾರವಾದದ್ದು; 419.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ 907 ಡಿಗ್ರಿಯಲ್ಲಿ ಕುದಿಯುತ್ತದೆ. ತಾಮ್ರ ಕುದಿಯಬೇಕಾದರೆ 2,500 ಡಿಗ್ರಿಯನ್ನು ದಾಟಬೇಕು ಎಂಬುದನ್ನು ನೆನೆದರೆ ಈ 907ರ ವಿಶೇಷ ಅರಿವಾಗುತ್ತದೆ. ಲೋಹದ ಪರಮಾಣುಗಳನ್ನು ಒಂದಕ್ಕೊಂದು ಬಿಗಿದು ಹಿಡಿಯುವುದು ಅವುಗಳ ನಡುವೆ ಹಂಚಿಕೆಯಾಗುವ ಎಲೆಕ್ಟ್ರಾನುಗಳು. ಸತುವಿನಲ್ಲಿ ಒಳಗಿನ ಹತ್ತು ಎಲೆಕ್ಟ್ರಾನುಗಳ ಉಪಕವಚ ಪೂರ್ತಿ ತುಂಬಿ ಮುಚ್ಚಿಕೊಂಡಿರುವುದರಿಂದ ಈ ಹಂಚಿಕೆಗೆ ಮುಖ್ಯವಾಗಿ ಒದಗುವುದು ಹೊರಗಿನ ಎರಡು ಮಾತ್ರ, ಹಾಗಾಗಿ ಬಂಧ ಸಡಿಲ, ಕುದಿಬಿಂದು ಕಡಿಮೆ. ತುಂಬಿದ ಅದೇ ಉಪಕವಚದ ಕಾರಣದಿಂದ ಸತುವಿನ ಲವಣಗಳಲ್ಲಿ ಹೆಚ್ಚಿನವಕ್ಕೆ ಬಣ್ಣವಿಲ್ಲ. ಮೈಲುತುತ್ತ ಎಂದು ಜನ ಕರೆಯುವ ತಾಮ್ರದ ಸಲ್ಫೇಟ್ ಗಾಢ ನೀಲಿಯಾಗಿದ್ದರೆ ಸತುವಿನ ಸಲ್ಫೇಟ್ ಬಿಳಿ. ಸಾಮಾನ್ಯ ಉಷ್ಣತೆಯಲ್ಲಿ ಸುತ್ತಿಗೆಯ ಏಟಿಗೆ ಬಿರುಕು ಬಿಡುವ ಈ ಲೋಹ 100ರಿಂದ 150 ಡಿಗ್ರಿಯ ನಡುವೆ ಮೆದುವಾಗಿ ತಗಡಾಗುತ್ತದೆ, ಇನ್ನೂ ಕಾಯಿಸಿದರೆ ಮತ್ತೆ ಪೆಡಸಾಗುತ್ತದೆ.

ಕಬ್ಬಿಣ, ತಾಮ್ರ, ಸೀಸ, ತವರ ಇವೆಲ್ಲ ಪ್ರಾಚೀನರಿಗೆ ಪರಿಚಿತ. ಸತುವಿನ ಅದಿರೇನೂ ಅವರಿಗೆ ಅಪರಿಚಿತವಾಗಿರಲಿಲ್ಲ. ತೊಡಕು ಇದ್ದದ್ದು ಅದಿರಿನಿಂದ ಲೋಹವನ್ನು ಬಿಡಿಸುವಲ್ಲಿ. ಅದಿರನ್ನು ಹುರಿದು ಆಕ್ಸೈಡ್ ಆಗಿಸಿ, ಇದ್ದಿಲಿನೊಡನೆ ಕಾಯಿಸಿ ಆಕ್ಸಿಜನ್ನನ್ನು ಕಿತ್ತುಹಾಕುವುದು ಹಳೆಯ ಲೋಹಕಾರರ ಸಾಮಾನ್ಯ ವಿಧಾನ, ಅದನ್ನೇ ರಸಾಯನ ವಿಜ್ಞಾನದಲ್ಲಿ ಅಪಕರ್ಷಣ ಎನ್ನುತ್ತಾರೆ. ಸತುವಿನ ಆಕ್ಸೈಡಿನ ಅಪಕರ್ಷಣೆ ಕೈಗೂಡಬೇಕಾದರೆ ಉಷ್ಣತೆ ಸುಮಾರು ಸಾವಿರ ಡಿಗ್ರಿಗೆ ಏರಬೇಕು. ಲೋಹವೋ 907ರಲ್ಲಿಯೇ ಕುದಿದುಹೋಗುವಂಥದು. ಹೀಗಾಗಿ ಸತು ಹುಟ್ಟುವಾಗಲೇ ಆವಿಯಾಗಿ ಹುಟ್ಟುತ್ತದೆ, ಆ ಆವಿ ಕುಲುಮೆಯ ಬಾಯಿಯಲ್ಲಿ ಗಾಳಿಯನ್ನು ಮುಟ್ಟಿದೊಡನೆ ಉರಿದು ಮತ್ತೆ ಬಿಳಿಯ ಆಕ್ಸೈಡ್ ಆಗುತ್ತದೆ, ಕುಲುಮೆಯ ತಳದಲ್ಲಿ ಲೋಹ ಹರಿದುಬರುವುದೆಂದು ಕಾದವನಿಗೆ ಏನೂ ಸಿಗುವುದಿಲ್ಲ. ಸತುವನ್ನು ಪಡೆಯಲು ಗಾಳಿ ಸೋಕದಂತೆ ಆವಿಯನ್ನು ತಂಪಾದ ಜಾಗಕ್ಕೆ ಸಾಗಿಸಿ ಬಟ್ಟಿ ಇಳಿಸಬೇಕಾಗಿತ್ತು. ಮದ್ಯವನ್ನೋ ಸುಗಂಧವನ್ನೋ ಬಟ್ಟಿ ಇಳಿಸುವುದಕ್ಕೂ ಸಾವಿರ ಡಿಗ್ರಿಯ ಲೋಹದ ಆವಿಯನ್ನು ಬಟ್ಟಿ ಇಳಿಸುವುದಕ್ಕೂ ಇರುವ ಅಂತರ ಬಹಳ ದೊಡ್ಡದು.

ಈ ಅಂತರವನ್ನು ಉದ್ಯಮದ ಪ್ರಮಾಣದಲ್ಲಿ ದಾಟಿದವರು ರಾಜಸ್ಥಾನದ ಉದಯಪುರಕ್ಕೆ ಸಮೀಪದ ಜಾವರ್ ಎಂಬ ಊರಿನ ಲೋಹಕಾರರು. 1980ರ ದಶಕದ ಆರಂಭದಲ್ಲಿ ಬರೋಡದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯ, ಬ್ರಿಟಿಷ್ ಮ್ಯೂಸಿಯಂ ಮತ್ತು ಹಿಂದೂಸ್ತಾನ್ ಜಿಂಕ್ ಸಂಸ್ಥೆಗಳು ಸೇರಿ ನಡೆಸಿದ ಶೋಧದಲ್ಲಿ, ಕೆ.ಟಿ.ಎಂ. ಹೆಗ್ಡೆ, ಪಾಲ್ ಕ್ರಾಡಕ್ ಮೊದಲಾದವರ ತಂಡ ಅಲ್ಲಿ ಹಳೆಯ ಕುಲುಮೆಗಳನ್ನು ಅವುಗಳ ಮೂಸೆಗಳೊಂದಿಗೇ ಪತ್ತೆ ಮಾಡಿತು. ಮೂಸೆ ಎಂದರೆ ಅದಿರನ್ನು ತುಂಬಿ ಕಾಯಿಸುವ ಮಣ್ಣಿನ ಪಾತ್ರೆ. ಜಾವರಿನ ಮೂಸೆಗಳು ಉದ್ದ ಕತ್ತಿನ ಬದನೆಕಾಯಿಯ ಆಕಾರದವು. 13ನೆಯ ಶತಮಾನದ್ದೆಂದು ವಿದ್ವಾಂಸರು ಎಣಿಸುವ ‘ರಸರತ್ನಸಮುಚ್ಚಯ’ ಎಂಬ ಸಂಸ್ಕೃತ ಗ್ರಂಥ ಇದೇ ಕೆಲಸಕ್ಕೆ ‘ವೃಂತಾಕ ಮೂಷೆ’ಯನ್ನು, ಅಂದರೆ ಬದನೆಯಾಕಾರದ ಮೂಸೆಯನ್ನು ಹೇಳುತ್ತದೆಯಾದ್ದರಿಂದ, ಗ್ರಂಥದ ಮಾತು ಮತ್ತು ನೆಲದಡಿಯ ವಸ್ತು ಒಂದನ್ನೊಂದು ಸಮರ್ಥಿಸುವ ಅಪರೂಪದ ಉದಾಹರಣೆ ಇದು. ಹುರಿದ ಅದಿರು ಮತ್ತು ಇಂಗಾಲದ ಅಂಶವುಳ್ಳ ಪದಾರ್ಥಗಳನ್ನು ಮೂಸೆಗೆ ತುಂಬಿ, ಕತ್ತಿನೊಳಗೆ ಒಂದು ಕಡ್ಡಿಯನ್ನು ಸಿಕ್ಕಿಸಿ, ಮೂಸೆಯನ್ನು ತಲೆಕೆಳಗಾಗಿ ನಿಲ್ಲಿಸುತ್ತಿದ್ದರು. ಒಳಗಿನ ಸರಕು ಬಿದ್ದುಹೋಗದಂತೆ ಆ ಕಡ್ಡಿ ತಡೆಯುತ್ತಿತ್ತು, ಬೆಂಕಿ ಏರಿ ಅದು ಸುಟ್ಟುಹೋಗುವ ಹೊತ್ತಿಗೆ ಸರಕು ಒಂದಕ್ಕೊಂದು ಅಂಟಿಕೊಂಡು ನಿಂತು, ಕಡ್ಡಿ ಇದ್ದ ಜಾಗ ಆವಿ ಕೆಳಗಿಳಿಯುವ ದಾರಿಯಾಗುತ್ತಿತ್ತು. ಒಂದು ಕುಲುಮೆಯಲ್ಲಿ 36 ಮೂಸೆಗಳು, ಅವುಗಳಡಿಯಲ್ಲಿ ತೂತುಗಳಿದ್ದ ಸುಟ್ಟಮಣ್ಣಿನ ಹಾಸು, ಹಾಸಿನ ಕೆಳಗೆ ತಂಪಾದ ಕೋಣೆ, ಅಲ್ಲಿ ಲೋಹದ ಹನಿಗಳನ್ನು ಹಿಡಿಯುವ ಪಾತ್ರೆಗಳು. ಮೇಲೆ ಸಾವಿರ ಡಿಗ್ರಿಗೂ ಮೀರಿದ ಬೆಂಕಿ, ಕೆಲವೇ ಅಂಗುಲಗಳ ಕೆಳಗೆ ಸತು ದ್ರವವಾಗಿ ಇಳಿಯುವಷ್ಟು ತಂಪು, ಎರಡನ್ನೂ ಗಂಟೆಗಟ್ಟಲೆ ಹದ ತಪ್ಪದಂತೆ ಕಾಯ್ದುಕೊಳ್ಳಬೇಕಾಗಿದ್ದ ಈ ಕೆಲಸವನ್ನು ಉಷ್ಣಮಾಪಕವಿಲ್ಲದೆ, ಬೆಂಕಿಯ ಬಣ್ಣ ನೋಡಿಯೇ ನಡೆಸುತ್ತಿದ್ದರು. ಬಳಸಿ ಬಿಟ್ಟ ಮೂಸೆಗಳನ್ನು ಇಟ್ಟಿಗೆಯಂತೆ ಜೋಡಿಸಿ ಕಟ್ಟಿದ ಗೋಡೆಗಳು ಅಲ್ಲಿ ಇಂದಿಗೂ ಇವೆ ಎಂದರೆ ಉತ್ಪಾದನೆಯ ಗಾತ್ರ ಎಷ್ಟಿತ್ತೆಂದು ಊಹಿಸಬಹುದು. ಯುರೋಪಿನಲ್ಲಿ ಸತುವಿನ ಬಟ್ಟಿಗೆ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ವಿಲಿಯಂ ಚಾಂಪಿಯನ್ ಹಕ್ಕುಪತ್ರ ಪಡೆದದ್ದು 1738ರಲ್ಲಿ, ಅವನ ವಿಧಾನದಲ್ಲಿಯೂ ಆವಿ ಕೆಳಮುಖವಾಗಿಯೇ ಇಳಿಯುತ್ತಿತ್ತು. ಜರ್ಮನಿಯ ಆಂಡ್ರಿಯಾಸ್ ಮಾರ್ಗ್ರಾಫ್ ಮುಚ್ಚಿದ ಪಾತ್ರೆಯಲ್ಲಿ ಸತುವನ್ನು ಬೇರ್ಪಡಿಸಿ ವಿವರಿಸಿದ್ದು 1746ರಲ್ಲಿ. ಸತುವನ್ನು ‘ಕಂಡುಹಿಡಿದವರು’ ಎಂಬಲ್ಲಿ ಮಾರ್ಗ್ರಾಫನ ಹೆಸರೊಂದನ್ನೇ ಬರೆಯುವ ಪಾಠಗಳು ಜಾವರಿನ ಕುಲುಮೆಗಳನ್ನೂ ಅದೇ ಸಾಲಿನಲ್ಲಿ ಬರೆಯುವುದು ನ್ಯಾಯ. ಇಂದು ಹೆಚ್ಚಿನ ಸತು ಬರುವುದು ಬೇರೆ ದಾರಿಯಿಂದ: ಅದಿರನ್ನು ಹುರಿದು, ಗಂಧಕಾಮ್ಲದಲ್ಲಿ ಕರಗಿಸಿ, ದ್ರಾವಣದ ಮೂಲಕ ವಿದ್ಯುತ್ತನ್ನು ಹಾಯಿಸುತ್ತಾರೆ.

ಲೋಹವಾಗಿ ಕೈಗೆ ಸಿಗುವ ಮೊದಲೇ ಸತು ಹಿತ್ತಾಳೆಯಲ್ಲಿ ಬಳಕೆಗೆ ಬಂದಿತ್ತು ಎಂಬುದಕ್ಕೂ ಕಾರಣ ಈ ಆವಿಯೇ. ತಾಮ್ರದ ತುಂಡುಗಳನ್ನು ಸತುವಿನ ಅದಿರು ಮತ್ತು ಇದ್ದಿಲಿನೊಡನೆ ಮುಚ್ಚಿದ ಮೂಸೆಯಲ್ಲಿ ಕಾಯಿಸಿದರೆ, ಹುಟ್ಟುವ ಆವಿ ಗಾಳಿಗೆ ಸಿಗುವ ಮೊದಲೇ ತಾಮ್ರದೊಳಕ್ಕೆ ಇಳಿದು ಹಳದಿ ಲೋಹವಾಗುತ್ತದೆ. ಹಾಗೆ ಮಾಡಿದ ಹಿತ್ತಾಳೆಯಲ್ಲಿ ಸತುವಿನ ಪಾಲು ನೂರಕ್ಕೆ ಮೂವತ್ತರ ಆಸುಪಾಸಿಗಿಂತ ಮೇಲೇರುವುದು ಕಷ್ಟ. ಬೇಕಾದಷ್ಟು ಸತುವನ್ನು ನೇರವಾಗಿ ಬೆರೆಸುವುದು ಬಟ್ಟಿ ಇಳಿಸಿದ ಲೋಹ ದೊರೆತ ಮೇಲಷ್ಟೇ ಸಾಧ್ಯವಾಯಿತು. ತವರ ಬೆರೆತ ಕಂಚಿಗೂ ಸತು ಬೆರೆತ ಹಿತ್ತಾಳೆಗೂ ಇರುವ ವ್ಯತ್ಯಾಸ ಹಳೆಯ ಮನೆಗಳ ಹೆಂಗಸರಿಗೆ ಚೆನ್ನಾಗಿ ತಿಳಿದಿತ್ತು, ಹುಣಸೆಹುಳಿಯ ಸಾರನ್ನಾಗಲಿ ಮಜ್ಜಿಗೆಯನ್ನಾಗಲಿ ಕಲಾಯಿಯಿಲ್ಲದ ಹಿತ್ತಾಳೆಯಲ್ಲಿ ಇಡುತ್ತಿರಲಿಲ್ಲ. ಹುಳಿ ಎಂದರೆ ಆಮ್ಲ; ಆಮ್ಲ ತಾಮ್ರವನ್ನೂ ಸತುವನ್ನೂ ಲವಣಗಳಾಗಿ ಕರಗಿಸಿಕೊಳ್ಳುತ್ತದೆ, ಅಂಥದನ್ನು ಉಂಡವರಿಗೆ ಓಕರಿಕೆ ವಾಂತಿಗಳಾಗುತ್ತವೆ. ಸತು ಲೇಪಿಸಿದ ಬಕೆಟ್ಟಿನಲ್ಲಿ ಪಾನಕ ಕಲಸುವುದೂ ಇದೇ ಕಾರಣಕ್ಕೆ ಬೇಡದ ಕೆಲಸ.

ಎರಡನೆಯ ಸ್ವಭಾವದ ಕಡೆಗೆ ತಿರುಗಿದರೆ ಸತುವಿನ ಅತಿ ದೊಡ್ಡ ಬಳಕೆ ಎದುರಾಗುತ್ತದೆ: ಪ್ರಪಂಚದ ಸತುವಿನಲ್ಲಿ ಸುಮಾರು ಅರ್ಧ ಪಾಲು ಕಬ್ಬಿಣವನ್ನು ತುಕ್ಕಿನಿಂದ ಕಾಪಾಡಲು ಹೋಗುತ್ತದೆ. ಲೋಹಗಳು ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುವ ಸುಲಭವನ್ನು ವೋಲ್ಟುಗಳಲ್ಲಿ ಅಳೆಯುತ್ತಾರೆ. ಜಲಜನಕವನ್ನು ಸೊನ್ನೆ ಎಂದಿಟ್ಟುಕೊಂಡ ಆ ಅಳತೆಯಲ್ಲಿ ಸತು ಸೊನ್ನೆಗಿಂತ 0.76 ಕೆಳಗೆ, ಕಬ್ಬಿಣ 0.44 ಕೆಳಗೆ, ತಾಮ್ರ 0.34 ಮೇಲೆ ನಿಲ್ಲುತ್ತವೆ. ಕೆಳಗಿರುವುದು ಮೇಲಿನದಕ್ಕಿಂತ ಮೊದಲು ಎಲೆಕ್ಟ್ರಾನನ್ನು ಕೊಡುತ್ತದೆ, ಅಂದರೆ ಮೊದಲು ಸವೆಯುತ್ತದೆ. ಸತುವನ್ನೂ ಕಬ್ಬಿಣವನ್ನೂ ಒಂದಕ್ಕೊಂದು ತಾಗಿಸಿ ನೀರಿನಲ್ಲಿಟ್ಟರೆ ಸವೆಯುವ ಸರದಿ ಸತುವಿನದು, ಅದು ಇರುವವರೆಗೆ ಕಬ್ಬಿಣ ಸುರಕ್ಷಿತ. ತವರದ ಲೇಪಕ್ಕೂ ಸತುವಿನ ಲೇಪಕ್ಕೂ ಇರುವ ಮೂಲಭೂತ ಭೇದ ಇಲ್ಲಿದೆ: ತವರ ಬಣ್ಣದಂತೆ ಮೇಲಿನಿಂದ ಮುಚ್ಚುವುದಷ್ಟೇ, ಎಲ್ಲಾದರೂ ಗೀರು ಬಿದ್ದರೆ ಆ ಜಾಗದಲ್ಲಿ ಕಬ್ಬಿಣ ಮೊದಲಿಗಿಂತ ಬೇಗ ತುಕ್ಕು ಹಿಡಿಯುತ್ತದೆ, ಸತುವಿನ ಲೇಪದಲ್ಲಿ ಗೀರು ಬಿದ್ದರೂ ಸುತ್ತಲಿನ ಸತು ತಾನು ಸವೆದು ಬಯಲಾದ ಕಬ್ಬಿಣವನ್ನು ಕಾಯುತ್ತದೆ. ಫ್ರಾನ್ಸಿನ ಸ್ಟಾನಿಸ್ಲಾಸ್ ಸೊರೆಲ್ 1837ರಲ್ಲಿ ಹಕ್ಕುಪತ್ರ ಪಡೆದ ಈ ವಿಧಾನದಲ್ಲಿ, ಆಮ್ಲದಲ್ಲಿ ತೊಳೆದು ಶುದ್ಧಗೊಳಿಸಿದ ಕಬ್ಬಿಣವನ್ನು ಸುಮಾರು 450 ಡಿಗ್ರಿಯಲ್ಲಿ ಕರಗಿದ ಸತುವಿನೊಳಗೆ ಅದ್ದಿ ತೆಗೆಯುತ್ತಾರೆ. ಎರಡು ಲೋಹಗಳೂ ಸೇರುವೆಡೆಯಲ್ಲಿ ಮಿಶ್ರಲೋಹದ ಪದರಗಳು ಬೆಳೆದು ಲೇಪ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಹೊಸ ತಗಡಿನ ಹೊಳಪು ಕೆಲವು ತಿಂಗಳಲ್ಲಿ ಮಾಸಿ ಬೂದಿಬಣ್ಣ ಬಂದಾಗ ತಗಡು ಕೆಟ್ಟಿತೆಂದು ತಿಳಿಯಬೇಕಾಗಿಲ್ಲ, ಗಾಳಿಯ ತೇವ ಮತ್ತು ಇಂಗಾಲಾಮ್ಲ ಸೇರಿ ಮೇಲ್ಮೈಯಲ್ಲಿ ಸತುವಿನ ಕಾರ್ಬೊನೇಟಿನ ಬಿಗಿಯಾದ ಪೊರೆ ಕಟ್ಟಿದೆ ಎಂದರ್ಥ. ಕರಾವಳಿಯ ಉಪ್ಪುಗಾಳಿಯಲ್ಲಿ ಈ ಪೊರೆ ನಿಲ್ಲುವುದು ಕಷ್ಟವಾದ್ದರಿಂದ, ಬಯಲುಸೀಮೆಯಲ್ಲಿ ಬಹುಕಾಲ ಬಾಳುವ ಲೇಪ ಕಡಲಂಚಿನ ಮನೆಯ ಸೂರಿನ ಮೇಲೆ ಬೇಗ ತೀರುತ್ತದೆ. ಅಲ್ಲಿ ತಗಡು ಕೊಳ್ಳುವವರು ಲೇಪದ ದಪ್ಪವನ್ನು ವಿಚಾರಿಸಿ ಕೊಳ್ಳುವುದು ಲೇಸು. ಹಡಗುಗಳ ಉಕ್ಕಿನ ತಳಕ್ಕೆ ಸತುವಿನ ಗಟ್ಟಿಗಳನ್ನು ಬಿಗಿಯುವುದೂ ಇದೇ ತತ್ತ್ವದಿಂದ, ಅವು ಸವೆದಂತೆ ಹೊಸದನ್ನು ಬಿಗಿಯುತ್ತಾರೆ.

ಸತು ಲೇಪಿಸಿದ ಕಬ್ಬಿಣಕ್ಕೆ ಬೆಸುಗೆ ಹಾಕುವವರ ವಿಷಯವನ್ನು ಇಲ್ಲಿಯೇ ಹೇಳಬೇಕು. ಬೆಸುಗೆಯ ಶಾಖ 907 ಡಿಗ್ರಿಯನ್ನು ಎಷ್ಟೋ ಮೀರಿರುವುದರಿಂದ ಲೇಪ ಆವಿಯಾಗಿ, ಗಾಳಿಯಲ್ಲಿ ಉರಿದು, ಆಕ್ಸೈಡಿನ ಬಿಳಿಯ ಹೊಗೆಯಾಗುತ್ತದೆ. ಅದನ್ನು ಉಸಿರಾಡಿದವರಿಗೆ ಕೆಲವು ಗಂಟೆಗಳ ಬಳಿಕ ಚಳಿ, ಜ್ವರ, ಮೈಕೈ ನೋವು, ಬಾಯಲ್ಲಿ ಲೋಹದ ರುಚಿ ಕಾಣಿಸಿಕೊಂಡು ಒಂದೆರಡು ದಿನಗಳಲ್ಲಿ ಇಳಿಯುತ್ತದೆ. ಹಿತ್ತಾಳೆಯ ಎರಕದವರನ್ನೂ ಕಾಡುವ ಈ ಕಾಯಿಲೆಗೆ ಲೋಹಹೊಗೆಯ ಜ್ವರ ಎಂದು ಹೆಸರು. ಬೆಸುಗೆ ಬೀಳುವ ಜಾಗದ ಲೇಪವನ್ನು ಮೊದಲೇ ಉಜ್ಜಿ ತೆಗೆಯುವುದು, ಗಾಳಿಯಾಡುವ ಕಡೆ ಕೆಲಸ ಮಾಡುವುದು, ಸರಿಯಾದ ಮುಖಕವಚ ಧರಿಸುವುದು ಇಷ್ಟರಿಂದ ತಪ್ಪಿಸಬಹುದಾದ ಈ ನೋವು, ರಸ್ತೆಬದಿಯ ಸಣ್ಣ ಗ್ಯಾರೇಜುಗಳಲ್ಲಿ ದುಡಿಯುವವರಿಗೆ ಅದರ ಕಾರಣವನ್ನು ಯಾರೂ ತಿಳಿಸಿಹೇಳದಿರುವುದರಿಂದ ಮುಂದುವರಿಯುತ್ತಿರುವುದು ಖೇದಕರ.

ಸತು ಕೊಡುವ ಎಲೆಕ್ಟ್ರಾನುಗಳನ್ನು ತಂತಿಯ ಮೂಲಕ ಹಾಯಿಸಿದರೆ ಅದೇ ವಿದ್ಯುತ್ತು. ಇಟಲಿಯ ಅಲೆಸ್ಸಾಂಡ್ರೊ ವೋಲ್ಟಾ 1800ರಲ್ಲಿ ಪ್ರಕಟಿಸಿದ ಮೊದಲ ವಿದ್ಯುತ್ಕೋಶದಲ್ಲಿ, 1836ರ ಡೇನಿಯಲ್ ಕೋಶದಲ್ಲಿ, 1866ರ ಲೆಕ್ಲಾಂಶೆ ಕೋಶದಲ್ಲಿ, ಹೀಗೆ ಒಂದಾದ ಮೇಲೊಂದರಂತೆ ಎಲ್ಲದರಲ್ಲಿಯೂ ಋಣಧ್ರುವ ಸತುವೇ. ಲೆಕ್ಲಾಂಶೆಯ ದ್ರವವನ್ನು ಕಲಸಿದ ಹಿಟ್ಟಿನ ಹದಕ್ಕೆ ತಂದು ಮುಚ್ಚಿಟ್ಟದ್ದೇ ಟಾರ್ಚಿನ ಒಣಸೆಲ್. ಅದರ ಹೊರಗಿನ ಡಬ್ಬಿ ಸತು, ನಡುವೆ ಇಂಗಾಲದ ಕಡ್ಡಿ, ಅದರ ಸುತ್ತ ಮ್ಯಾಂಗನೀಸ್ ಡೈಆಕ್ಸೈಡ್, ಜೊತೆಗೆ ನವಸಾಗರ ಎಂಬ ಅಮೋನಿಯಂ ಕ್ಲೋರೈಡ್. ಡಬ್ಬಿಯೇ ಇಂಧನವಾದ್ದರಿಂದ ಬಳಸಿದಂತೆಲ್ಲ ಅದು ಒಳಗಿನಿಂದ ತೆಳುವಾಗುತ್ತ ಹೋಗಿ ಕೊನೆಗೆ ತೂತು ಬೀಳುತ್ತದೆ. ಹಳೆಯ ಸೆಲ್ಲನ್ನು ಟಾರ್ಚಿನಲ್ಲಿಯೇ ಬಿಟ್ಟರೆ ರಸ ಸೋರಿ ಟಾರ್ಚು ಹಾಳಾಗುವುದರ ಕಾರಣ ಇದು. ಕಿವಿಯ ಶ್ರವಣಯಂತ್ರದ ಗುಂಡಿಯಂಥ ಸೆಲ್ಲಿನಲ್ಲಿ ಸತುವಿಗೆ ಜೊತೆಯಾಗಿರುವುದು ಹೊರಗಿನ ಗಾಳಿಯ ಆಕ್ಸಿಜನ್.

ಸತುವಿನ ರಸಾಯನವನ್ನು ಕನ್ನಡ ನಾಡಿನಲ್ಲಿ ಕಣ್ಣಾರೆ ಕಾಣಬಹುದಾದ ಸ್ಥಳ ಬೀದರ್. ಬಿದರಿ ಕಲೆಯ ಪಾತ್ರೆಗಳನ್ನು ನೋಡಿದವರು ಬೆಳ್ಳಿಯ ಕುಸುರಿಯನ್ನು ಹೊಗಳುವುದು ಸಹಜವಾದರೂ ಆ ಬೆಳ್ಳಿಯನ್ನು ಎತ್ತಿತೋರಿಸುವ ಕಪ್ಪು ಲೋಹದ ಬಹುಭಾಗ ಸತು. ಅದಕ್ಕೆ ಬೆರೆಸುವ ತಾಮ್ರ ಅಲ್ಪ, ಸತು ಹದಿನಾರು ಪಾಲಾದರೆ ತಾಮ್ರ ಒಂದು ಪಾಲು ಎಂಬುದು ವಾಡಿಕೆಯ ಲೆಕ್ಕ. ಈ ಕಲೆ ಬಹಮನಿ ಸುಲ್ತಾನರ ಕಾಲಕ್ಕೆ ಸೇರಿದ್ದೆಂಬುದು ಪರಂಪರೆಯ ನಂಬಿಕೆ, ಈಗ ಉಳಿದಿರುವ ಹಳೆಯ ಮಾದರಿಗಳಲ್ಲಿ ಹೆಚ್ಚಿನವು 17ನೆಯ ಶತಮಾನ ಮತ್ತು ಅದರ ಅನಂತರದವು. ಸತು ಕಡಿಮೆ ಶಾಖದಲ್ಲಿ ಕರಗುವುದರಿಂದ ಮರಳಿನ ಅಚ್ಚಿನಲ್ಲಿ ಎರಕ ಹೊಯ್ಯುವುದು ಸುಲಭ. ಎರಕವನ್ನು ಅರದಿಂದ ನಯಗೊಳಿಸಿದ ಮೇಲೆ ಮೈಲುತುತ್ತದ ದ್ರಾವಣವನ್ನು ಹಚ್ಚಿದರೆ ಮೈ ತಾತ್ಕಾಲಿಕವಾಗಿ ಕಪ್ಪಾಗುತ್ತದೆ; ಸತು ತಾನು ಕರಗಿ ದ್ರಾವಣದಲ್ಲಿದ್ದ ತಾಮ್ರವನ್ನು ಅತಿ ಸಣ್ಣ ಪುಡಿಯಾಗಿ ಹೊರಹಾಕುವ ಈ ಕ್ರಿಯೆ ಹಿಂದೆ ಹೇಳಿದ ವೋಲ್ಟುಗಳ ಏಣಿಯ ಪ್ರತ್ಯಕ್ಷ ನಿದರ್ಶನ, ಕಾಲೇಜಿನ ಪ್ರಯೋಗಶಾಲೆಯಲ್ಲಿ ಗಾಜಿನ ಲೋಟದೊಳಗೆ ಮಾಡಿ ತೋರಿಸುವಂಥದೇ. ಆ ಕಪ್ಪಿನ ಮೇಲೆ ಉಕ್ಕಿನ ಮೊನೆಯಿಂದ ಗೀಚಿದ ಚಿತ್ತಾರ ಬಿಳಿಯಾಗಿ ಕಾಣುತ್ತದೆ, ಗೆರೆಗಳನ್ನು ಉಳಿಯಿಂದ ಕೊರೆದು ಬೆಳ್ಳಿಯ ತಂತಿಯನ್ನೋ ತೆಳುಹಾಳೆಯನ್ನೋ ಬಡಿದು ಕೂರಿಸುತ್ತಾರೆ; ತಂತಿಯ ಕೆಲಸಕ್ಕೆ ತಾರ್‌ಕಶಿ ಎಂದು ಹೆಸರು. ಮತ್ತೆ ಉಜ್ಜಿದಾಗ ತಾತ್ಕಾಲಿಕ ಕಪ್ಪು ಹೋಗಿ, ಬೆಳ್ಳಿಯೂ ಸತುವೂ ಬಿಳಿಯಾಗಿಯೇ ಇದ್ದು, ಚಿತ್ತಾರ ಹೆಚ್ಚುಕಡಿಮೆ ಮರೆಯಾಗುತ್ತದೆ.

ಕಲೆಯ ಜೀವಾಳ ಆಮೇಲಿನ ಹಂತದಲ್ಲಿದೆ. ಬೀದರ್ ಕೋಟೆಯ ಹಳೆಯ ಭಾಗಗಳಲ್ಲಿ ಮಳೆ ಬಿಸಿಲುಗಳಿಗೆ ಸಿಗದೆ ಉಳಿದ ಮಣ್ಣನ್ನು ನವಸಾಗರದೊಡನೆ ನೀರಿನಲ್ಲಿ ಕಲಸಿ, ಬಿಸಿ ಮಾಡಿದ ಪಾತ್ರೆಗೆ ಉಜ್ಜುತ್ತಾರೆ. ಸತುವಿನ ಮೈ ಕಡುಗಪ್ಪಾಗುತ್ತದೆ, ಬೆಳ್ಳಿ ಎಲೆಕ್ಟ್ರಾನುಗಳನ್ನು ಸುಲಭಕ್ಕೆ ಬಿಡದ ಲೋಹವಾದ್ದರಿಂದ ಹೊಳಪು ಕಳೆದುಕೊಳ್ಳದೆ ನಿಲ್ಲುತ್ತದೆ, ಕಡೆಗೆ ಎಣ್ಣೆ ಸವರಿದಾಗ ಕಪ್ಪು ಇನ್ನಷ್ಟು ಆಳವಾಗುತ್ತದೆ. ತಕ್ಕ ಮಣ್ಣನ್ನು ಕುಶಲಕರ್ಮಿಗಳು ನಾಲಗೆಯಿಂದ ರುಚಿ ನೋಡಿ ಗುರುತಿಸುತ್ತಾರೆ. ಅಪ್ಪಟ ಸತುವಿಗೆ ಇದೇ ಲೇಪವನ್ನು ಹಚ್ಚಿದರೆ ಇಂಥ ಕಪ್ಪು ಬರುವುದಿಲ್ಲ, ಅದಕ್ಕೆ ಬೆರಕೆಯ ಆ ಅಲ್ಪ ತಾಮ್ರ ಬೇಕು. ಎಂದಮೇಲೆ ಹದಿನಾರಕ್ಕೆ ಒಂದು ಎಂಬ ಲೆಕ್ಕವನ್ನು ಬರಿಯ ಸಂಪ್ರದಾಯವೆಂದು ತಳ್ಳಿಹಾಕುವುದು ತಪ್ಪು, ಅದು ತಲೆಮಾರುಗಳ ಪ್ರಯೋಗದಿಂದ ಗಟ್ಟಿಯಾದ ರಸಾಯನಜ್ಞಾನ. ಭೌಗೋಳಿಕ ಸೂಚಿಯ ಮನ್ನಣೆ ಪಡೆದ ಈ ಕಸುಬಿನ ಪಾತ್ರೆಗಳು ಸರ್ಕಾರಿ ಸಮಾರಂಭಗಳಲ್ಲಿ ಉಡುಗೊರೆಯಾಗುವುದು ಸಂತೋಷವೇ, ಅದಕ್ಕೂ ಮಿಗಿಲಾಗಿ ಬೇಕಾದದ್ದು ಕರ್ನಾಟಕದ ರಸಾಯನ ವಿಜ್ಞಾನದ ತರಗತಿಗಳಲ್ಲಿ ಅದು ಪಾಠವಾಗುವುದು, ಏಕೆಂದರೆ ಎರಕ, ಮಿಶ್ರಲೋಹ, ಸ್ಥಾನಪಲ್ಲಟ ಕ್ರಿಯೆ ಮತ್ತು ಆಯ್ದು ಸವೆಸುವಿಕೆ ಈ ನಾಲ್ಕನ್ನೂ ಒಂದೇ ವಸ್ತುವಿನಲ್ಲಿ ತೋರಿಸಬಲ್ಲ ಇನ್ನೊಂದು ಉದಾಹರಣೆ ಸುಲಭವಾಗಿ ಸಿಗದು.

ಸತುವಿನ ಆಕ್ಸೈಡ್ ಕಾದಾಗ ಹಳದಿಯಾಗಿ ತಣಿದಾಗ ಮತ್ತೆ ಬಿಳಿಯಾಗುವ ಪುಡಿ. ಗಂಧಕದಿಂದ ರಬ್ಬರನ್ನು ಗಟ್ಟಿಗೊಳಿಸುವಾಗ ಕ್ರಿಯೆಯನ್ನು ಚುರುಕುಗೊಳಿಸಲು, ಚರ್ಮದ ಮುಲಾಮುಗಳಿಗೆ, ಬಿಸಿಲಿನ ಅತಿನೇರಳೆ ಕಿರಣಗಳನ್ನು ತಡೆಯುವ ಲೇಪಗಳಿಗೆ ಅದು ಬೇಕು. ಕ್ಯಾಲಮೈನ್ ದ್ರಾವಣದಲ್ಲಿರುವುದೂ ಅದೇ, ಅದರ ಗುಲಾಬಿ ಛಾಯೆ ಸ್ವಲ್ಪ ಬೆರೆಸಿದ ಕಬ್ಬಿಣದ ಆಕ್ಸೈಡಿನದು.

ಎರಡು ಎಲೆಕ್ಟ್ರಾನುಗಳನ್ನು ಕೊಟ್ಟು ಅಲ್ಲಿಗೇ ನಿಲ್ಲುವ ಗುಣ ಜೀವಕೋಶಗಳಲ್ಲಿ ಇನ್ನೊಂದು ಬಗೆಯಲ್ಲಿ ಫಲಿಸಿದೆ. ಕಬ್ಬಿಣ ಮತ್ತು ತಾಮ್ರದ ಅಯಾನುಗಳು, ಅಂದರೆ ಎಲೆಕ್ಟ್ರಾನು ಕಳೆದುಕೊಂಡ ಪರಮಾಣುಗಳು, ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಬದಲಾಗುತ್ತ ಕೋಶಕ್ಕೆ ಉಪಕಾರವನ್ನೂ ಹಾನಿಯನ್ನೂ ಮಾಡಬಲ್ಲವು. ಸತುವಿನ ಅಯಾನಿಗೆ ಆ ಚಾಂಚಲ್ಯವಿಲ್ಲದಿರುವುದರಿಂದ ಪ್ರೋಟೀನುಗಳ ಆಕಾರವನ್ನು ಹಿಡಿದು ನಿಲ್ಲಿಸಲೂ ಕಿಣ್ವಗಳಲ್ಲಿ ಕ್ರಿಯೆಯ ಕೇಂದ್ರವಾಗಲೂ ಅದು ಯೋಗ್ಯ. ಕಿಣ್ವವೆಂದರೆ ದೇಹದ ಕ್ರಿಯೆಗಳ ವೇಗವನ್ನು ಹೆಚ್ಚಿಸುವ ಪ್ರೋಟೀನು. ರಕ್ತದ ಕೆಂಪು ಕಣಗಳಲ್ಲಿ ಇಂಗಾಲಾಮ್ಲವನ್ನು ಬೈಕಾರ್ಬೊನೇಟ್ ಆಗಿ ಪರಿವರ್ತಿಸುವ ಕಾರ್ಬಾನಿಕ್ ಆನ್‌ಹೈಡ್ರೇಸ್ ಎಂಬ ಕಿಣ್ವದಲ್ಲಿ ಸತು ಇದೆ ಎಂದು ಕೇಂಬ್ರಿಜ್‌ನ ಕೀಲಿನ್ ಮತ್ತು ಮಾನ್ 1940ರಲ್ಲಿ ತೋರಿಸಿಕೊಟ್ಟರು. ಈ ಕಿಣ್ವದ ಒಂದು ಅಣು ಸೆಕೆಂಡಿಗೆ ಸುಮಾರು ಹತ್ತು ಲಕ್ಷ ಅಣುಗಳನ್ನು ಪರಿವರ್ತಿಸಬಲ್ಲುದು. ಬೆಳೆದ ಮನುಷ್ಯನ ದೇಹದಲ್ಲಿರುವ ಒಟ್ಟು ಸತು ಎರಡು ಮೂರು ಗ್ರಾಮಿನಷ್ಟು ಮಾತ್ರ.

ಆ ಎರಡು ಮೂರು ಗ್ರಾಮು ಕಡಿಮೆಯಾದರೆ ಏನಾಗುತ್ತದೆಂಬುದನ್ನು ಲೋಕಕ್ಕೆ ತಿಳಿಸಿದವರು ಬಿಹಾರದ ಬಕ್ಸರಿನಲ್ಲಿ ಹುಟ್ಟಿದ ವೈದ್ಯ ಆನಂದ ಪ್ರಸಾದ್. 1958ರಲ್ಲಿ ಇರಾನಿನ ಶಿರಾಜ್ ನಗರಕ್ಕೆ ಹೋದ ಅವರು, ಇಪ್ಪತ್ತರ ಪ್ರಾಯದಲ್ಲಿಯೂ ಬಾಲಕರಷ್ಟೇ ಎತ್ತರವಿದ್ದ, ಪ್ರೌಢಾವಸ್ಥೆಗೆ ಬಾರದ ಹಳ್ಳಿಯ ಯುವಕರನ್ನು ಕಂಡು, 1961ರಲ್ಲಿ ಆ ಲಕ್ಷಣಗಳನ್ನು ಪ್ರಕಟಿಸಿ, 1963ರಲ್ಲಿ ಈಜಿಪ್ಟಿನ ಅಧ್ಯಯನಗಳಿಂದ ಸತುವಿನ ಕೊರತೆಯನ್ನು ಖಚಿತಪಡಿಸಿದರು. ಆ ಜನರ ಮುಖ್ಯ ಆಹಾರ ಹುದುಗು ಬರಿಸದ ಗೋಧಿರೊಟ್ಟಿ. ಧಾನ್ಯಗಳ ಹೊರಪದರದಲ್ಲಿರುವ ಫೈಟಿಕ್ ಆಮ್ಲ ಸತುವನ್ನು ಬಿಗಿಯಾಗಿ ಹಿಡಿದುಕೊಂಡು ಕರುಳು ಅದನ್ನು ಹೀರದಂತೆ ಮಾಡುತ್ತದೆ. ರಾಗಿ, ಜೋಳ, ಬೇಳೆಗಳಲ್ಲಿಯೂ ಈ ಆಮ್ಲವಿದೆ, ನೆನೆಸುವುದು, ಮೊಳಕೆ ಕಟ್ಟುವುದು, ಹಿಟ್ಟನ್ನು ರಾತ್ರಿಯಿಡೀ ಹುದುಗಲು ಬಿಡುವುದು ಇವುಗಳಿಂದ ಅದು ಕಡಿಮೆಯಾಗುತ್ತದೆ. ಹೀಗಾಗಿ ಮೊಳಕೆ ಬರಿಸಿದ ರಾಗಿಯ ಸರಿಯನ್ನು ಮಗುವಿಗೆ ಉಣಿಸುವ ವಾಡಿಕೆಗೂ ಇಡ್ಲಿ ದೋಸೆಗಳ ಹುದುಗಿಗೂ ರುಚಿ ಜೀರ್ಣಗಳಾಚೆಗೆ ಇನ್ನೊಂದು ಸಾರ್ಥಕತೆಯಿದೆ.

ಊಟದ ಸತು ಮಣ್ಣಿನಿಂದ ಬರಬೇಕು, ಭಾರತದ ಮಣ್ಣುಗಳಲ್ಲಿಯೇ ಸತುವಿನ ಕೊರತೆ ವ್ಯಾಪಕವಾಗಿದೆ. ನೀರು ನಿಂತ ಗದ್ದೆಗಳಲ್ಲಿ, ಸುಣ್ಣದ ಅಂಶ ಹೆಚ್ಚಿರುವ ಕ್ಷಾರೀಯ ಕಪ್ಪು ನೆಲದಲ್ಲಿ, ರಂಜಕದ ಗೊಬ್ಬರವನ್ನು ಮಿತಿಮೀರಿ ಸುರಿದ ಕಡೆ ಬೇರಿಗೆ ಸತು ದಕ್ಕುವುದಿಲ್ಲ. ಭತ್ತದ ಎಲೆಗಳ ಮೇಲೆ ತುಕ್ಕಿನ ಬಣ್ಣದ ಚುಕ್ಕೆಗಳೆದ್ದು ಪೈರು ಗಿಡ್ಡಾಗುವ ‘ಖೈರಾ’ ಎಂಬ ಬೇನೆಗೆ ರೋಗಾಣು ಕಾರಣವಲ್ಲ, ಸತುವಿನ ಅಭಾವ ಕಾರಣ ಎಂಬುದನ್ನು ಪಂತನಗರದಲ್ಲಿ ವೈ.ಎಲ್. ನೆನೆ 1966ರಲ್ಲಿ ವರದಿ ಮಾಡಿದರು. ಅಂದಿನಿಂದ ಸತುವಿನ ಸಲ್ಫೇಟ್ ಭತ್ತದ ಬೇಸಾಯದ ಶಿಫಾರಸುಗಳಲ್ಲಿ ಸೇರಿದೆ. ಕಾಫಿಯಲ್ಲಿ ಇದೇ ಕೊರತೆ ಪಟ್ಟಿಯಂತೆ ಕಿರಿದಾದ, ಒತ್ತೊತ್ತಾಗಿ ಗೊಂಚಲುಗಟ್ಟಿದ ಎಲೆಗಳಾಗಿ ಕಾಣಿಸಿಕೊಳ್ಳುತ್ತದೆ. ಮಣ್ಣು ಪರೀಕ್ಷೆಯಿಲ್ಲದೆ ವರ್ಷವರ್ಷವೂ ಸುರಿಯುವುದು ಮಾತ್ರ ಸಲ್ಲದು, ಏಕೆಂದರೆ ಸತುವಿನ ಅತಿಯೂ ಗಿಡಕ್ಕೆ ವಿಷ. ಮನುಷ್ಯರಲ್ಲಿಯೂ ವೈದ್ಯರ ಸಲಹೆಯಿಲ್ಲದೆ ತಿಂಗಳುಗಟ್ಟಲೆ ಹೆಚ್ಚು ಸತು ನುಂಗಿದರೆ ಕರುಳು ತಾಮ್ರವನ್ನು ಹೀರುವುದು ತಗ್ಗಿ ರಕ್ತಹೀನತೆ ಬರಬಹುದು, ದೇಹದಲ್ಲಿ ತಾಮ್ರ ಶೇಖರವಾಗುವ ವಿಲ್ಸನ್ ಕಾಯಿಲೆಯಲ್ಲಿ ವೈದ್ಯರು ಇದೇ ಗುಣವನ್ನು ಔಷಧವಾಗಿ ಬಳಸುತ್ತಾರೆ.

ಸತುವಿನ ಎಲ್ಲ ಬಳಕೆಗಳಲ್ಲಿ ಅತ್ಯಂತ ಕಡಿಮೆ ಲೋಹ ಬೇಡುವ, ಅತ್ಯಂತ ಹೆಚ್ಚು ಪ್ರಯೋಜನ ಕೊಡುವ ಬಳಕೆ ಮಕ್ಕಳ ಅತಿಸಾರದ ಚಿಕಿತ್ಸೆ. ಭೇದಿಯಲ್ಲಿ ನೀರು ಮತ್ತು ಉಪ್ಪಿನ ಜೊತೆಗೆ ಸತುವೂ ದೇಹದಿಂದ ಹೊರಹೋಗುತ್ತದೆ, ಕರುಳಿನ ಒಳಪದರ ಮತ್ತೆ ಬೆಳೆಯಲು ಅದೇ ಬೇಕು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2004ರಲ್ಲಿ ಜಂಟಿಯಾಗಿ ಹೇಳಿದಂತೆ, ಓಆರ್‌ಎಸ್ ದ್ರಾವಣದ ಜೊತೆಗೆ ದಿನಕ್ಕೆ 20 ಮಿಲಿಗ್ರಾಮ್, ಆರು ತಿಂಗಳೊಳಗಿನ ಶಿಶುವಿಗೆ 10 ಮಿಲಿಗ್ರಾಮ್ ಸತುವನ್ನು ಹತ್ತರಿಂದ ಹದಿನಾಲ್ಕು ದಿನ ಕೊಡಬೇಕು. ಭೇದಿ ಮೂರು ನಾಲ್ಕು ದಿನಗಳಲ್ಲಿ ನಿಂತೊಡನೆ ತಾಯಂದಿರು ಮಾತ್ರೆಯನ್ನೂ ನಿಲ್ಲಿಸಿಬಿಡುವುದುಂಟು. ಉಳಿದ ದಿನಗಳ ಮಾತ್ರೆ ಇರುವುದು ಕಳೆದುಹೋದ ಸತುವನ್ನು ತುಂಬಿಕೊಟ್ಟು ಮುಂದಿನ ಎರಡು ಮೂರು ತಿಂಗಳಲ್ಲಿ ಬೇನೆ ಮರುಕಳಿಸುವ ಸಂಭವವನ್ನು ತಗ್ಗಿಸಲು ಎಂಬುದನ್ನು, ಮಾತ್ರೆಯ ಪಟ್ಟಿಯನ್ನು ಕೈಗೆ ಕೊಡುವಾಗಲೇ ಆಶಾ ಕಾರ್ಯಕರ್ತೆಯರು ಮತ್ತು ಔಷಧಿ ಅಂಗಡಿಯವರು ಅವರಿಗೆ ತಿಳಿಸಿ ಹೇಳಬೇಕು.